ಕೆಂಚಯ್ಯನ ಎರಡನೇ ರಿಜಿಸ್ಟರು

ಗಂಡಸಿಯಿಂದಾಚೆ ಮೂರು ಮೈಲಿ ದೂರದ ಒಂದು ಊರಿನ ಪಶು ಆಸ್ಪತ್ರೆಯಲ್ಲಿ ಕೆಂಚಯ್ಯ ಮೂವತ್ತೆರಡು ವರ್ಷ ಅಟೆಂಡರ್ ಆಗಿದ್ದ. ಅಟೆಂಡರ್ ಅಂದರೆ ಏನು ಕೆಲಸವಪ್ಪಾ ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಒಂದೇ ಮಾತಿನ ಉತ್ತರವಿತ್ತು: “ಹಿಡ್ಕೊಳೋದು.” ಒದೆಯುವ ಎಮ್ಮೆಯ ಕಾಲು ಹಿಡಿದುಕೊಳ್ಳುವುದು, ಹಾಯುವ ಹೋರಿಯ ಮೂಗುದಾರ ಹಿಡಿದುಕೊಳ್ಳುವುದು, ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ದನದ ದವಡೆ ಹಿಡಿದುಕೊಳ್ಳುವುದು, ದನ ಉಳಿಯದೇ ಹೋದರೆ ಅಳುವ ಯಜಮಾನನ ತೋಳು ಹಿಡಿದುಕೊಳ್ಳುವುದು. ಡಾಕ್ಟರಿಗೆ ಮೂರು ಆಸ್ಪತ್ರೆಗಳ ಉಸ್ತುವಾರಿ. ವಾರಕ್ಕೆ ಎರಡು ದಿನ ಬಂದರೆ ಪುಣ್ಯ. ಮಿಕ್ಕ ದಿನ ಸುತ್ತಲಿನ ಹಳ್ಳಿಗಳಿಗೆಲ್ಲ ಕೆಂಚಯ್ಯನೇ ‘ಡಾಕ್ಟ್ರು’. ನಾನು ಡಾಕ್ಟ್ರಲ್ಲ ಕಣ್ರಪ್ಪ ಎಂದು ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಸುಮ್ಮನಾಗಿದ್ದ.

ಊರಾಚೆಯ ಕಾಲೋನಿಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಕೈಯಲ್ಲಿ ಎರಡು ಸಲ ಏಟು ತಿಂದು, ಈ ನೌಕರಿಗೆ ಸೇರಿದವನು ಅವನು. ಆಗ ಅವನನ್ನು ಜಗುಲಿಯಿಂದ ಈಚೆಗೇ ನಿಲ್ಲಿಸಿ ಮಾತಾಡಿಸುವ ಮನೆಗಳಿದ್ದವು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ದಿನ ಮಾತ್ರ ಅದೇ ಮನೆಯವರು ಕೊಟ್ಟಿಗೆ ಬಾಗಿಲಲ್ಲಿ ನಿಂತು, “ಬಾರಪ್ಪ ಕೆಂಚಯ್ಯ, ಒಳೀಕೇ ಬಾ” ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವನಿಗೆ ಸಿಟ್ಟಿಗಿಂತ ನಗುವೇ ಹೆಚ್ಚು. “ಮನುಷ್ಯರು ಕರೀನಿಲ್ಲ ಕಣ್ಲಾ, ಹುಟ್ದೇ ಇರೋ ಕರುಗಳು ಕರ್ದು ಒಳೀಕೆ ಬಿಟ್ಕೊಂಡ್ವು” ಎನ್ನುತ್ತಿದ್ದ. ಬೇರೆಯವರಾಗಿದ್ದರೆ ಇದನ್ನೇ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು, ಹೇಳಿದರೆ ತಪ್ಪೂ ಇರಲಿಲ್ಲ. ಕೆಂಚಯ್ಯನ ಜಾಯಮಾನವೇ ಬೇರೆ.

ಮದುವೆಯಾದ ಹೊಸತರಲ್ಲಿ ಹೆಂಡತಿ ಅಣ್ಣಮ್ಮನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದ. ಗುಡಿಯ ಗೋಡೆಯಲ್ಲಿ ಸಾಲಾಗಿ ಮಕರಗಳು. ಗೈಡ್ ಒಬ್ಬ ಯಾರೋ ಟೂರಿನವರಿಗೆ ವಿವರಿಸುತ್ತಿದ್ದ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಹಂದಿಯ ಕಿವಿ, ನವಿಲಿನ ಬಾಲ. ಹಿಂದೆ ನಿಂತು ಕಿವಿ ಕೊಟ್ಟಿದ್ದ ಕೆಂಚಯ್ಯ ತಡೆಯಲಾರದೆ ಕೇಳಿಯೇಬಿಟ್ಟ.

“ಸಾರ್, ಇದು ಏನ್ ತಿಂತದೆ? ಸಗಣಿ ಹಾಕ್ತದೋ, ಹಿಕ್ಕೆ ಹಾಕ್ತದೋ?”

ಟೂರಿನವರು ಗೊಳ್ಳೆಂದು ನಕ್ಕರು. ಗೈಡು ಕಣ್ಣು ಕೆಂಪಗೆ ಮಾಡಿದ. ಅಣ್ಣಮ್ಮ ಈ ಮನುಷ್ಯನಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಆನೆಸಾಲಿನ ಕಡೆ ನಡೆದಳು. ಆದರೆ ಕೆಂಚಯ್ಯ ಕೇಳಿದ್ದು ಕೀಟಲೆಗಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಅದೇ ಚಿಂತೆ. ಸೊಂಡಿಲು ಹುಲ್ಲು ಕೇಳುತ್ತದೆ, ಬಾಯಿ ಮಾಂಸ ಕೇಳುತ್ತದೆ, ನಡುವೆ ಆ ಹೊಟ್ಟೆಯ ಗತಿ ಏನು? ಅಷ್ಟು ಶತಮಾನಗಳಿಂದ ಅಜೀರ್ಣದಲ್ಲಿ ನರಳುತ್ತಾ ನಿಂತಿದೆಯಲ್ಲ ಪಾಪದ್ದು!

ಮಾರನೇ ದಿನ ಆಸ್ಪತ್ರೆಗೆ ಒಂದು ಕೇಸೂ ಬರಲಿಲ್ಲ. ಸೂರು ಸೋರಿ ಅರ್ಧ ನೆನೆದಿದ್ದ ಹಳೆಯ ಕೇಸ್ ರಿಜಿಸ್ಟರೊಂದನ್ನು ಡಾಕ್ಟರು ಒಲೆಗೆ ಹಾಕಿಕೋ ಎಂದು ಕೊಟ್ಟಿದ್ದರು. ಕೆಂಚಯ್ಯ ಅದರ ಒಣಗಿದ ಹಾಳೆ ಬಿಡಿಸಿದ. ತಾರೀಖು, ಯಜಮಾನನ ಹೆಸರು, ಊರು, ಪ್ರಾಣಿ, ವಯಸ್ಸು, ತೊಂದರೆ, ಚಿಕಿತ್ಸೆ, ಫಲಿತಾಂಶ ಎಂದು ಎಂಟು ಕಲಮುಗಳು. ಮಕರ ಎಂದು ಬರೆದು ಚಿಕಿತ್ಸೆಯ ಕಲಮಿನವರೆಗೆ ಬಂದು ನಿಂತುಬಿಟ್ಟ. ಏನು ಮಾಡಿದರೂ ಆ ಬಾಯಿಗೂ ಆ ಹೊಟ್ಟೆಗೂ ಹೊಂದಿಕೆ ಆಗಲಿಲ್ಲ. ಅದನ್ನು ಹೊಡೆದುಹಾಕಿದ. ಇದ್ದ ಪ್ರಾಣಿಗಳ ತುಂಡು ಜೋಡಿಸಿದರೆ ಹೊಸ ಪ್ರಾಣಿ ಆಗುವುದಿಲ್ಲ, ಹೊಸ ಕಾಯಿಲೆ ಆಗುತ್ತದೆ ಅಷ್ಟೇ ಎಂಬುದು ಅವತ್ತು ಅವನಿಗೆ ಖಚಿತವಾಯಿತು. ಪ್ರಾಣಿಯನ್ನು ಕಟ್ಟಬೇಕಾದರೆ ಅದರ ತೊಂದರೆಯಿಂದ ಶುರುಮಾಡಬೇಕು. ಎಲ್ಲಿ ನೋಯುತ್ತದೆ ಎಂದು ಗೊತ್ತಾದರೆ ಮೈ ತಾನಾಗಿ ಬರುತ್ತದೆ.

ಹಾಗೆ ಬಂದ ಮೊದಲನೆಯದು ನೆರಳುಗುರಿ, ಅಂದರೆ ನೆರಳಿನ ಕುರಿ. ಅದರ ಹಿಂದೆ ಒಂದು ಸಂಗತಿಯಿದೆ. ಜವರಪ್ಪ ಎಂಬ ಕುರಿಯವನ ಆರು ಮರಿಗಳು ಒಂದೇ ವಾರದಲ್ಲಿ ಸತ್ತಿದ್ದವು. ಆಸ್ಪತ್ರೆಯ ಅಸಲಿ ರಿಜಿಸ್ಟರಿನಲ್ಲಿ ಕೆಂಚಯ್ಯ ತನ್ನ ಕೈಯಾರೆ ಆರು ಸಲ ‘ಸತ್ತಿದೆ’ ಎಂದು ಬರೆದಿದ್ದ. ಆರನೆಯ ಸಲ ಬರೆಯುವಾಗ ಕೈ ಓಡಲಿಲ್ಲ. ಅದಕ್ಕೇ ಆ ನೆನೆದ ಪುಸ್ತಕದಲ್ಲಿ, ತನ್ನ ಎರಡನೇ ರಿಜಿಸ್ಟರಿನಲ್ಲಿ, ಜವರಪ್ಪನ ಹೆಸರಿಗೆ ಒಂದು ಕುರಿ ಕೊಟ್ಟ. ಅದರ ಮೈಮೇಲೆ ಉಣ್ಣೆಯ ಬದಲು ನೆರಳು ಬೆಳೆಯುತ್ತದೆ. ಚೈತ್ರದಲ್ಲಿ ಒಂದು ಸಲ ಕತ್ತರಿಸಿದರೆ ಒಂದು ಕಣ ಮುಚ್ಚುವಷ್ಟು ತಂಪು ನೆರಳು ಸಿಗುತ್ತದೆ, ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು. ತೊಂದರೆ: ಮೋಡ ಮುಚ್ಚಿದರೆ ಮೈ ನೆರಳು ಉದುರಿ ಚಳಿಗೆ ನಡುಗುತ್ತದೆ. ಚಿಕಿತ್ಸೆ: ಎಳೆ ಬಿಸಿಲು, ದಿನಕ್ಕೆರಡು ಹೊತ್ತು. ಫಲಿತಾಂಶ: ಗುಣವಾಗಿದೆ.

ಜವರಪ್ಪ ಆಸ್ಪತ್ರೆಯ ಕಡೆ ಬಂದಾಗ ಕೆಂಚಯ್ಯ ಇದನ್ನು ಓದಿ ಹೇಳಿದ. ಜವರಪ್ಪ ಹೆಗಲ ಕಂಬಳಿ ತೆಗೆದು ಪಕ್ಕಕ್ಕಿಟ್ಟು ಕೂತ. “ಕೊಂಬು ಐತೋ ಇಲ್ವೋ?” ಎಂದು ಕೇಳಿದ. “ಬಗ್ಗಿದ ಕೊಂಬು” ಎಂದ ಕೆಂಚಯ್ಯ. ಅಂದಿನಿಂದ ಇಂದಿನವರೆಗೆ ಗಂಡಸಿ ಸಂತೆಯಲ್ಲಿ ಎಲ್ಲೇ ಸಿಕ್ಕಿದರೂ ಜವರಪ್ಪ, “ಅಣ್ಣೋ, ನನ್ ಕುರಿ ಹೆಂಗೈತೆ?” ಎನ್ನದೆ ಮುಂದೆ ಹೋಗುವುದಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಅಸಲಿ ರಿಜಿಸ್ಟರಿನಲ್ಲಿ ಯಾರು ಪ್ರಾಣಿ ಕಳೆದುಕೊಂಡರೂ ಎರಡನೇ ರಿಜಿಸ್ಟರಿನಲ್ಲಿ ಅವರಿಗೊಂದು ಪ್ರಾಣಿ ಸಿಗುತ್ತಿತ್ತು. ಅರಸೀಕೆರೆ ಸ್ಟೇಷನ್ ಎದುರು ಹೂ ಮಾರುವ ಸಣ್ಣತಾಯಮ್ಮನ ಮೇಕೆ ಹೋದಾಗ ಅವಳಿಗೆ ಕವಲುಬಾಲ ಎಂಬ ಹಾವು ಬಂತು. ಅದರ ಒಂದು ಬಾಲಕ್ಕೆ ಹಾಸನಕ್ಕೆ ಹೋಗಬೇಕು, ಇನ್ನೊಂದಕ್ಕೆ ಬೀರೂರಿಗೆ. ಎಳೆದಾಡಿ ಎಳೆದಾಡಿ ಪ್ಲಾಟ್‌ಫಾರಮ್ಮಿನ ಬೆಂಚಿನಡಿಯೇ ಉಳಿದುಬಿಟ್ಟಿದೆ. ಚಿಕಿತ್ಸೆ: ಬಾಲಗಳಿಗೆ ದಿನ ಬಿಟ್ಟು ದಿನ ರಜೆ. ಹುಲಿಕೆರೆಯ ಶಿವಯ್ಯನ ಎತ್ತು ಹೋದಾಗ ಅಲ್ಲಿನ ಕೊಳದಲ್ಲಿ ಮೆಟ್ಟಿಲಾಮೆ ಕಾಣಿಸಿಕೊಂಡಿತು. ಬೆನ್ನ ಮೇಲೆ ವರ್ಷಕ್ಕೊಂದು ಮೆಟ್ಟಿಲು ಬೆಳೆಯುವ ಆಮೆ, ಕಪ್ಪೆಗಳು ಅದನ್ನು ಹತ್ತಿ ಮಳೆ ಎಷ್ಟು ದೂರ ಬಂತು ಎಂದು ನೋಡುತ್ತವೆ. ಇನ್ನೊಂದು ತೆಂಗುಬೆಕ್ಕು. ತೆಂಗಿನಕಾಯಿಗಿರುವ ಹಾಗೆ ಅದಕ್ಕೆ ಮೂರು ಕಣ್ಣು. ಎರಡು ಗಟ್ಟಿ, ನೋಡುವುದಕ್ಕೆ. ಒಂದು ಮೆತ್ತಗಿನದು, ಕನಸು ಕಾಣುವುದಕ್ಕೆ. ಆ ಮೆತ್ತನೆ ಕಣ್ಣು ಹಗಲಲ್ಲೂ ತೆರೆದುಕೊಂಡು, ಬೆಕ್ಕು ಇಲಿಗಳ ಕನಸಿನೊಳಗೆ ಹೋಗಿ ಕೂತು, ಅವುಗಳ ಕಷ್ಟಸುಖ ಕೇಳಿ, ಬೇಟೆಯನ್ನೇ ಬಿಟ್ಟಿತ್ತು. ಅದೂ ಗುಣವಾಗಿದೆ.

ಎಲ್ಲವೂ ಗುಣವಾಗಿವೆ. ಮೂವತ್ತು ವರ್ಷದಲ್ಲಿ ಆ ಪುಸ್ತಕದೊಳಗೆ ಒಂದು ಪ್ರಾಣಿಯೂ ಸತ್ತಿಲ್ಲ. ಕೆಂಚಯ್ಯ ತನ್ನ ಜೀವನದಲ್ಲಿ ಹೆಮ್ಮೆ ಪಟ್ಟುಕೊಂಡಿದ್ದರೆ ಅದೊಂದಕ್ಕೇ. ಅಣ್ಣಮ್ಮ ಮಾತ್ರ ಆ ಪುಸ್ತಕವನ್ನು ‘ನಮ್ಮ ಸವತಿ’ ಎಂದೇ ಕರೆಯುತ್ತಿದ್ದಳು. “ನಮ್ ಸವತಿಗೆ ಇವತ್ತು ಏನ್ ತಂದ್ರಿ?” ಎಂದು ಕೇಳಿ, ಹೊಸ ಪ್ರಾಣಿಯ ಕಥೆ ಪೂರ್ತಿ ಕೇಳಿಸಿಕೊಂಡು, “ಇದು ಮರಿ ಹಾಕೋದು ಹೆಂಗೆ?” ಎಂದು ಒಂದೇ ಪ್ರಶ್ನೆಯಲ್ಲಿ ಗಂಡನನ್ನು ವಾರಗಟ್ಟಲೆ ಯೋಚನೆಗೆ ತಳ್ಳುತ್ತಿದ್ದಳು.

ಕೆಂಚಯ್ಯನ ನಿವೃತ್ತಿಯ ದಿನ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಡಾಕ್ಟರು ಮಾತಾಡುತ್ತಾ ಕಣ್ಣೊರೆಸಿಕೊಂಡರು. ಹಗರೆ ಕಡೆಯಿಂದ ವರ್ಗವಾಗಿ ಆ ಜಾಗಕ್ಕೆ ಬಂದಿದ್ದ ಮಧುಕುಮಾರ್ ಎಂಬವನು ಮಹಾ ಅಚ್ಚುಕಟ್ಟಿನ ಮನುಷ್ಯ. ಆ ಕಡೆ ಭಾಷಣ ನಡೆಯುತ್ತಿದ್ದರೆ ಈ ಕಡೆ ಅವನು ಚಾರ್ಜ್ ಪಟ್ಟಿ ಮಾಡಿ, ಹಳೆಯ ರಿಜಿಸ್ಟರುಗಳನ್ನೆಲ್ಲ ಗಂಟು ಕಟ್ಟಿ, ಅರಸೀಕೆರೆಯ ಮೇಲಿನ ಆಫೀಸಿಗೆ ಹೋಗುವ ಜೀಪಿಗೆ ಏರಿಸಿಬಿಟ್ಟಿದ್ದ. ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದ ಎರಡನೇ ರಿಜಿಸ್ಟರೂ ಅವತ್ತು ಆಸ್ಪತ್ರೆಯಲ್ಲೇ ಇದ್ದು ಆ ಗಂಟಿಗೆ ಸೇರಿಹೋಗಿತ್ತು. ಅದರ ರಟ್ಟಿನ ಮೇಲೂ ‘ಕೇಸ್ ರಿಜಿಸ್ಟರ್’ ಎಂದೇ ಇತ್ತು. ಮೊದಲ ಹಾಳೆಯಲ್ಲಿ ‘ಇದರಲ್ಲಿ ಇನ್ನೂರು ಪುಟಗಳಿವೆ’ ಎಂದು ಯಾವುದೋ ಕಾಲದ ಸಾಹೇಬರ ಸಹಿ, ಗುಂಡು ಮೊಹರು. ಅವನನ್ನು ಬೈಯುವುದಾದರೂ ಹೇಗೆ?

ಮೂರು ದಿನ ಬಿಟ್ಟು ವಿಷಯ ತಿಳಿದಾಗ ಕೆಂಚಯ್ಯ ಊಟ ಬಿಟ್ಟು ಎದ್ದ. ಆಸ್ಪತ್ರೆಗೆ ಓಡಿದ, ಮಧುಕುಮಾರ್ ಪಟ್ಟಿ ತೋರಿಸಿದ. ಅವತ್ತಿನಿಂದ ಅವನಿಗೆ ಒಂದೇ ಧ್ಯಾನ. ಆ ಪುಸ್ತಕ ವಾಪಸು ಬರಬೇಕು.

ಅರಸೀಕೆರೆ ಆಫೀಸಿನ ಸೂಪರಿಂಟೆಂಡೆಂಟ್ ಗಂಗಾಧರಯ್ಯ ಎಂದರೆ ಕಡ್ಡಿ ಮುರಿದ ಹಾಗೆ ಮಾತಾಡುವವನು. ಇವತ್ತು ಹೋಗೋಣ ನಾಳೆ ಹೋಗೋಣ ಎಂದು ಒಂದೆರಡು ತಿಂಗಳು ತಳ್ಳಿ, ಕೊನೆಗೆ ಕೆಂಚಯ್ಯ ಅಳುಕುತ್ತಲೇ ಅವನ ಮೇಜಿನ ಮುಂದೆ ನಿಂತ. ಹೇಳುವ ಮೊದಲೇ ಗಂಗಾಧರಯ್ಯ ಡ್ರಾಯರ್ ಎಳೆದು ಆ ಪುಸ್ತಕವನ್ನೇ ಮೇಜಿನ ಮೇಲಿಟ್ಟ.

“ಇದು ನಿಮ್ದೇನ್ರೀ?”

“ನಂದೇ ಸಾರ್.”

“ಏನ್ ಮಾಡಿದೀರಿ ಗೊತ್ತಾ ನೀವು? ಆಶಾರಾಣಿ, ಇಲ್ಲಿ ಬಾಮ್ಮ. ನೀನೇ ಹೇಳು.”

ಲೆಕ್ಕದ ಮೇಜಿನಿಂದ ಎದ್ದು ಬಂದ ಗುಮಾಸ್ತೆ ಆಶಾರಾಣಿ ನಗು ತಡೆದುಕೊಳ್ಳುತ್ತಿದ್ದಳು. ಆದದ್ದು ಇಷ್ಟು: ಅರ್ಧವಾರ್ಷಿಕ ಲೆಕ್ಕದ ತಖ್ತೆಗಾಗಿ ಅವಳು ಎಲ್ಲ ರಿಜಿಸ್ಟರಿನ ಕೇಸುಗಳನ್ನು ಕೂಡಿಸಿದ್ದಳು, ಈ ಪುಸ್ತಕದಲ್ಲಿ ಆ ಆರು ತಿಂಗಳಿಗೆ ಸೇರಿದ ಕಡೆಯ ಒಂಬತ್ತು ಕೇಸುಗಳನ್ನೂ ಸೇರಿಸಿ. ಪ್ರಾಣಿಯ ಹೆಸರನ್ನು ತಳಿಯ ಹೆಸರೆಂದುಕೊಂಡಿದ್ದಳು. ತಖ್ತೆ ಮೇಲಕ್ಕೆ ಹೋಯಿತು. ಮೇಲಿನಿಂದ ಪತ್ರ ಬಂತು: ‘ನೆರಳುಗುರಿ ತಳಿಯ ಒಟ್ಟು ಸಂಖ್ಯೆ ಹಾಗೂ ಲಸಿಕೆ ಹಾಕಿದ ವಿವರವನ್ನು ಕೂಡಲೇ ಸಲ್ಲಿಸುವುದು.’

“ಮೊನ್ನೆ ಮೋಡ ಮುಚ್ಚಿದಾಗ ಜವರಪ್ಪನ ಕುರಿಗೆ ಮತ್ತೆ ನೆಗಡಿ ಆಗಿತ್ತಲ್ಲ, ಅದು” ಎಂದು ಆಶಾರಾಣಿ ಮೆಲ್ಲಗೆ ಸೇರಿಸಿದಳು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಾಳೆ ಎಂಬುದು ಅದರಿಂದಲೇ ತಿಳಿಯಿತು.

ಗಂಗಾಧರಯ್ಯ ಒಂದು ಬಿಳಿ ಹಾಳೆ ಮುಂದೆ ತಳ್ಳಿದ. “ನಿಮಗೂ ತೊಂದ್ರೆ ಬೇಡ, ನಮಗೂ ಬೇಡ. ನಾನು ಹೇಳ್ದಂಗೆ ಬರೀರಿ. ‘ಸದರಿ ಪುಸ್ತಕದಲ್ಲಿ ನಮೂದಾಗಿರುವ ಪ್ರಾಣಿಗಳು ಯಾವುವೂ ಇರುವುದಿಲ್ಲ, ಎಲ್ಲವೂ ಸುಳ್ಳು ಎಂದು ದೃಢೀಕರಿಸುತ್ತೇನೆ.’ ಒಂದು ಸಹಿ ಹಾಕಿ. ಪುಸ್ತಕ ತಗೊಂಡು ಹೋಗಿ.”

ಅಷ್ಟೇ! ಒಂದು ಸಾಲು, ಒಂದು ಸಹಿ. ಕೆಂಚಯ್ಯ ಖುಷಿಯಿಂದಲೇ ಪೆನ್ನು ತೆಗೆದ. ‘ಸದರಿ ಪುಸ್ತಕದಲ್ಲಿ ನಮೂದಾಗಿರುವ ಪ್ರಾಣಿಗಳು’ ಎಂದು ದುಂಡಗೆ ಬರೆದ. ಅಲ್ಲಿಗೆ ಕೈ ನಿಂತಿತು. ಗಂಗಾಧರಯ್ಯ ಮುಂದಿನದನ್ನು ಎರಡು ಸಲ ಹೇಳಿಕೊಟ್ಟ. ಕೈ ಏಳಲಿಲ್ಲ.

“ನಾಳೆ ಬತ್ತೀನಿ ಸಾರ್” ಎಂದು ಕೆಂಚಯ್ಯ ಹಾಳೆ ಮಡಿಸಿಕೊಂಡು ಹೊರಟೇಬಿಟ್ಟ.

ಅಣ್ಣಮ್ಮ ಕಥೆಯೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. “ಅಯ್ಯೋ ನಿಮ್ಮ! ಬರ್ದುಕೊಟ್ಟು ತರೋದಲ್ವಾ? ಕಾಗ್ದದ್ ಮೇಲೆ ಸುಳ್ಳು ಅಂದ್ರೆ ಏನ್ ಗಂಟು ಹೋಯ್ತದೆ?”

“ಜವರಪ್ಪ ಸಂತೇಲಿ ಸಿಕ್ಕಿ ಕೇಳ್ತಾನೆ ಕಣೇ, ಕುರಿ ಹೆಂಗೈತೆ ಅಂತ. ಏನ್ ಹೇಳ್ಲಿ? ಸುಳ್ಳು ಅಂತ ಬರ್ದುಕೊಟ್ಟು ಬಂದೆ ಕಣಪ್ಪಾ ಅನ್ಲಾ?”

ಅಣ್ಣಮ್ಮ ಮೊರದಲ್ಲಿದ್ದ ರಾಗಿಯನ್ನು ಒಂದೆರಡು ಸಲ ಕೇರಿ ಕೆಳಗಿಟ್ಟಳು. ಅವಳ ದನಿ ಇಳಿದಿತ್ತು.

“ಹಂಗಾದ್ರೆ ಬರೀಬೇಡಿ. ಸುಳ್ಳು ಅಂದು ಈಸ್ಕೊಂಡ್ ಬಂದ್ರೆ ಆಮೇಲೆ ನಿಮ್ ಮುಖ ನೋಡೋಳು ನಾನಲ್ವಾ? ಸವತಿ ಅಂದ್ರೂ ಮೂವತ್ತು ವರ್ಷ ಒಂದೇ ಮನೇಲಿ ಬಾಳಿದ್ದೀವಿ. ಅವ್ಳನ್ನ ತಲೆ ತಗ್ಸಿ ಕರ್ಕೊಂಡ್ ಬರ್ಬೇಡಿ.”

ಕೆಂಚಯ್ಯ ಮಡಿಸಿದ ಹಾಳೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಇಷ್ಟು ವರ್ಷ ಈ ಹೆಂಗಸು ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡಿದ್ದನಲ್ಲ, ಎಂಥ ದಡ್ಡ ತಾನು!

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದ. ಮೂವತ್ತೆರಡು ವರ್ಷ ಸರ್ಕಾರದ ಕೆಳಗೆ ದುಡಿದವನಿಗೆ ಆಫೀಸಿನ ಭಯ ಯಾವುದು ಎಂಬುದು ಗೊತ್ತಿಲ್ಲದೆ ಇರುತ್ತದೆಯೇ? ದನ ಒದೆಯುವುದು ನೋವಿಗೆ, ಸಿಟ್ಟಿಗಲ್ಲ. ಎಲ್ಲಿ ನೋವು ಎಂದು ಕಂಡುಹಿಡಿದರೆ ಮುಗಿಯಿತು. ಗಂಡಸಿ ದಾಟಿ ತೆಂಗಿನ ತೋಟಗಳ ಸಾಲು ಮುಗಿಯುವ ಹೊತ್ತಿಗೆ ಅವನ ಮುಖ ಅರಳಿತ್ತು. ಪಕ್ಕದಲ್ಲಿ ಕೂತವನು ಇದೇನಪ್ಪಾ ಎಂದು ಸ್ವಲ್ಪ ಸರಿದು ಕೂತ.

“ಸಾರ್, ಒಂದ್ ಮಾತು” ಎಂದ ಗಂಗಾಧರಯ್ಯನ ಮೇಜಿನ ಮುಂದೆ ನಿಂತು. “ತಮಗೆ ತೊಂದ್ರೆ ಆಗಿರೋದು ಪ್ರಾಣಿಯಿಂದಲೋ, ಔಷಧಿಯಿಂದಲೋ?”

“ಅಂದ್ರೆ?”

“ನಾಳೆ ದಿನ ಯಾವತ್ತೋ ಆಡಿಟ್ ಬತ್ತದೆ. ಒಂಬತ್ತು ಕೇಸು ಜಾಸ್ತಿ ಐತೆ, ಔಷಧಿ ಖರ್ಚು ಬಿದ್ದಿಲ್ಲ. ಔಷಧಿ ಎಲ್ಲಿಂದ ಬಂತು ಅಂತಾರೆ. ಪ್ರಾಣಿ ಐತೋ ಇಲ್ವೋ ಅಂತ ಆಡಿಟ್‌ನೋರು ಯಾವತ್ತಾದ್ರೂ ಕೇಳವ್ರಾ?”

ಗಂಗಾಧರಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇಪ್ಪತ್ತಾರು ಆಡಿಟ್ ಕಂಡವನು ಅವನು. ಮನಸ್ಸಿನಲ್ಲೇ ಒಂದೊಂದನ್ನೂ ನೆನೆಸಿಕೊಂಡಿರಬೇಕು. “ಇಲ್ಲ” ಎಂದ ಕೊನೆಗೆ.

ಕೆಂಚಯ್ಯ ನಿನ್ನೆಯ ಹಾಳೆ ಬಿಡಿಸಿದ. ಅರ್ಧ ಸಾಲು ಅಲ್ಲೇ ಇತ್ತಲ್ಲ, ಅದರ ಮುಂದಕ್ಕೇ ಬರೆದ. ಈ ಸಲ ಕೈ ಎಲ್ಲೂ ನಿಲ್ಲಲಿಲ್ಲ. ‘ಸದರಿ ಪುಸ್ತಕದಲ್ಲಿ ನಮೂದಾಗಿರುವ ಪ್ರಾಣಿಗಳು ಯಾವುವಕ್ಕೂ ಸರ್ಕಾರದ ಔಷಧಿಯನ್ನಾಗಲೀ, ಲಸಿಕೆಯನ್ನಾಗಲೀ, ಸಿರಿಂಜನ್ನಾಗಲೀ ಬಳಸಿರುವುದಿಲ್ಲ ಎಂದು ದೃಢೀಕರಿಸುತ್ತೇನೆ. ಎಲ್ಲವೂ ಗುಣವಾಗಿರುತ್ತವೆ.’ ಕೆಳಗೆ ಕೆಂಚಯ್ಯ, ನಿವೃತ್ತ ಅಟೆಂಡರ್ ಎಂದು ಸಹಿ ಹಾಕಿದ.

ಗಂಗಾಧರಯ್ಯ ಓದಿದ. ಇನ್ನೊಂದು ಸಲ ಓದಿದ. ಆಶಾರಾಣಿ ಅವನ ಭುಜದ ಹಿಂದಿನಿಂದ ಬಗ್ಗಿ ಓದಿ, ಈ ಸಲ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು. ಗಂಗಾಧರಯ್ಯನ ತುಟಿಯೂ ಒಂದು ಕಡೆ ಸೊಟ್ಟಗಾಯಿತು. ಅದು ನಗು ಎಂದು ಆ ಆಫೀಸಿನಲ್ಲಿ ಯಾರಿಗೂ ಥಟ್ಟನೆ ಗುರುತು ಸಿಗಲಿಲ್ಲ. ‘ಅಂಗೀಕರಿಸಿದೆ, ಪುಸ್ತಕ ಹಿಂದಿರುಗಿಸಿದೆ’ ಎಂದು ಬರೆದು ಮೊಹರು ಒತ್ತಿದ. ಪುಸ್ತಕ ಕೆಂಚಯ್ಯನ ಕೈಗೆ ಬಂತು. ಅವನು ಅದನ್ನು ಎದೆಗೊತ್ತಿಕೊಂಡು, ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡು ನಿಂತ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲೂ ಹೋಗಲಿಲ್ಲ.

ಬಾಗಿಲ ಹತ್ತಿರ ಹೋಗಿದ್ದಾಗ ಹಿಂದಿನಿಂದ ಕೂಗು ಬಂತು. “ರೀ ಕೆಂಚಯ್ಯ, ಒಂದ್ನಿಮಿಷ.”

ಗಂಗಾಧರಯ್ಯ ಎದ್ದು ವರಾಂಡಕ್ಕೇ ಬಂದ. ಅತ್ತಿತ್ತ ನೋಡಿ ಬೆಂಚಿನ ಮೇಲೆ ಕೂತು, ಕೆಂಚಯ್ಯನನ್ನೂ ಕೂರಿಸಿಕೊಂಡ. ಹೇಳಲು ಕಷ್ಟಪಡುತ್ತಿದ್ದ.

“ನಮ್ಮನೇಲೂ ಒಂದಿದೆ ಕಣ್ರೀ. ಕ್ಯಾಲೆಂಡರ್ ಹಿಂದೆ ಇರುತ್ತೆ. ಸಣ್ಣದು, ಅಂಗೈಯಷ್ಟು. ಭಾನುವಾರಗಳನ್ನ ತಿನ್ನುತ್ತೆ.”

“ಭಾನುವಾರ ಮಾತ್ರವೋ, ಹಬ್ಬದ ರಜೆಯೂ ತಿಂತದೋ?” ಕೆಂಚಯ್ಯ ಒಂದು ಚೂರೂ ನಗದೆ ಕೇಳಿದ.

“ಎಲ್ಲಾ ತಿನ್ನುತ್ತೆ. ಮೂವತ್ತಾರು ವರ್ಷ ನನ್ನ ಒಂದು ರಜೇನೂ ಉಳಿಸಲಿಲ್ಲ. ಈಗ ನೋಡಿ, ಬರೋ ತಿಂಗಳು ನಾನೂ ರಿಟೈರ್ಡ್. ಅದು ಇದ್ದಕ್ಕಿದ್ದಂಗೆ ಮೇವು ಬಿಟ್ಟಿದೆ. ಭಾನುವಾರಗಳೆಲ್ಲ ಹಂಗಂಗೇ ಮಿಕ್ಕೋತಾ ಇವೆ. ಅಷ್ಟೊಂದನ್ನ ಇಟ್ಕೊಂಡು ನಾನೇನ್ರೀ ಮಾಡ್ಲಿ?”

ಕೆಂಚಯ್ಯ ಜೇಬಿನಿಂದ ಪೆನ್ನು ತೆಗೆದ. ಆಮೇಲೆ ತೊಡೆಯ ಮೇಲೆ ಪುಸ್ತಕ ಬಿಡಿಸಿ, ಖಾಲಿ ಸಾಲು ಹುಡುಕಿ, ಯಜಮಾನನ ಹೆಸರು, ಊರಿನ ಕಲಮುಗಳಲ್ಲಿ ಗಂಗಾಧರಯ್ಯ, ಅರಸೀಕೆರೆ ಎಂದು ಬರೆದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಣ್ಣಮ್ಮ.

“ಸಿಕ್ತಾ? ಮಧ್ಯಾಹ್ನದ ಬಸ್ಸಿಗೆ ಬತ್ತೀರಾ?”

“ಸಿಕ್ತು ಕಣೇ. ನೀನು ಉಂಡುಬಿಡು, ನಾನು ಬರೋದು ತಡ ಆಯ್ತದೆ” ಎಂದ ಕೆಂಚಯ್ಯ. “ಒಂದ್ ಕೇಸ್ ಬಂದೈತೆ.”